‘ಬ್ಲಾಕ್’ ಅಂದರೆ ಯಾವ ಬ್ಲಾಕ್? ಹೃದಯದ ಫೈಲಿಗೆ ಕೋಡ್ ಹಾಕುವ ಬಗೆ

ಮಡಿಕೇರಿಯ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತು ಫೈಲುಗಳಿಗೆ ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ) ಕೋಡ್ ಹಾಕುವುದು ನನ್ನ ಕೆಲಸ. ಹೊಸಬರು ಬಂದಾಗಲೆಲ್ಲ ಒಂದೇ ಕಡೆ ಎಡವುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಹಾರ್ಟ್ ಬ್ಲಾಕ್’ ಎಂದಿರುತ್ತದೆ. ಇವರು ರಕ್ತನಾಳ ಕಟ್ಟಿದ ಕಾಯಿಲೆಯ ಕೋಡ್ ಐ 25.1 ಹಾಕಿ ಮುಗಿಸುತ್ತಾರೆ. ನಮ್ಮೂರಲ್ಲಿ ‘ಮೂರು ಬ್ಲಾಕ್ ಇತ್ತಂತೆ, ಮೈಸೂರಲ್ಲಿ ಸ್ಟೆಂಟ್ ಹಾಕಿದರು’ ಅಂತಲೇ ಮಾತಾಡುವುದು, ಕೇಳಿ ಕೇಳಿ ಕಿವಿಗೆ ಅದೇ ಕೂತುಬಿಟ್ಟಿದೆ. ಆದರೆ ಡಾಕ್ಟರ ಭಾಷೆಯಲ್ಲಿ ‘ಹಾರ್ಟ್ ಬ್ಲಾಕ್’ ಅಂದರೆ ಹೃದಯ ಬಡಿಸುವ ವಿದ್ಯುತ್ ಸಂಕೇತ ದಾರಿಯಲ್ಲಿ ತಡವಾಗುವುದು ಅಥವಾ ನಿಲ್ಲುವುದು.

ಹಾಗಾಗಿ ಮೊದಲು ಫೈಲು ಪೂರ್ತಿ ಓದಿ. ಆಂಜಿಯೋಗ್ರಾಂ, ಸ್ಟೆಂಟ್ ಇದ್ದರೆ ರಕ್ತನಾಳದ ವಿಷಯ. ಹೋಲ್ಟರ್ (ಮೈಗೆ ಕಟ್ಟಿ ಇಡೀ ದಿನ ಇಸಿಜಿ ದಾಖಲಿಸುವ ಯಂತ್ರ), ಪೇಸ್‌ಮೇಕರ್ ಇದ್ದರೆ ವಿದ್ಯುತ್ ಸಂಕೇತದ ವಿಷಯ. ಎರಡೂ ಇರುವವರೂ ಉಂಟು.

ಎರಡನೆಯದು ಡಿಗ್ರಿ, ಅಂದರೆ ತಡೆ ಎಷ್ಟು ಎಂಬುದು. ಕಷ್ಟ ಇರುವುದು ಇಲ್ಲೇ. ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಡವಾಗಿಯಾದರೂ ಪ್ರತಿ ಸಲ ತಲುಪಿದರೆ ಫಸ್ಟ್ ಡಿಗ್ರಿ, ಐ 44.0. ಇಸಿಜಿಯಲ್ಲಿ ಪಿಆರ್ ಅಂತರ (ಮೇಲಿನ ಕೋಣೆಯ ಸಂಕೇತ ಶುರುವಾದಲ್ಲಿಂದ ಕೆಳಗಿನದು ಶುರುವಾಗುವವರೆಗಿನ ಸಮಯ) 0.20 ಸೆಕೆಂಡಿಗಿಂತ, ಅಂದರೆ ಐದು ಸಣ್ಣ ಚೌಕಕ್ಕಿಂತ ಜಾಸ್ತಿ ಇರುತ್ತದೆ. ಕೆಲವು ಮಾತ್ರ ತಲುಪಿದರೆ ಸೆಕೆಂಡ್ ಡಿಗ್ರಿ, ಐ 44.1. ಇದರಲ್ಲಿ ಮೊಬಿಟ್ಜ್ ಒಂದು, ಮೊಬಿಟ್ಜ್ ಎರಡು ಎಂಬ ಬಗೆಗಳಿವೆ, ಎರಡಕ್ಕೂ ಇದೇ ಕೋಡ್. ಆದರೂ ಯಾವುದೆಂದು ಫೈಲಿನಲ್ಲಿ ಇರಲೇಬೇಕು, ಪೇಸ್‌ಮೇಕರ್ ಯಾಕೆ ಹಾಕಿದರು ಎಂಬುದಕ್ಕೆ ಉತ್ತರ ಅಲ್ಲಿದೆ. ಒಂದೂ ತಲುಪದಿದ್ದರೆ ಕಂಪ್ಲೀಟ್ ಬ್ಲಾಕ್, ಐ 44.2. ಡಾಕ್ಟರು ಡಿಗ್ರಿ ಹೇಳದೆ ಬರೀ ‘ಎವಿ ಬ್ಲಾಕ್’ (ಮೇಲಿನ, ಕೆಳಗಿನ ಕೋಣೆಗಳ ನಡುವಿನ ಈ ತಡೆ) ಎಂದು ಬರೆದಿದ್ದರೆ ಐ 44.3. ಬರೀ ‘ಹಾರ್ಟ್ ಬ್ಲಾಕ್’ ಎಂದಿದ್ದು, ಬೇರೇನೂ ಗೊತ್ತಾಗದಿದ್ದರೆ ಐ 45.9.

ಇಸಿಜಿ ನೋಡಿ ನಿಮಗೇ ಡಿಗ್ರಿ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಆಗಲೂ ಹಾಕಬೇಡಿ. ಇಸಿಜಿ ಮೆಷಿನ್ ಮೇಲ್ಗಡೆ ಅಚ್ಚು ಹಾಕುವ ಸಾಲೂ ಡಯಾಗ್ನೋಸಿಸ್ ಅಲ್ಲ. ಡಾಕ್ಟರನ್ನೇ ಕೇಳಿ. ‘ಇದು ಕಂಪ್ಲೀಟ್ ಬ್ಲಾಕ್ ಅಲ್ವಾ ಸಾರ್?’ ಎಂದು ಕೇಳಿದರೆ ಉತ್ತರ ನೀವೇ ಕೊಟ್ಟ ಹಾಗೆ. ‘ಎವಿ ಬ್ಲಾಕ್‌ನ ಡಿಗ್ರಿ ಬರೆದುಕೊಡಿ’ ಎಂದಷ್ಟೇ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಾರೀಕು, ಸಹಿ ಸಮೇತ ಫೈಲಿಗೆ ಬರಬೇಕು.

ನಾಲ್ಕಕ್ಷರ ಟೈಪ್ ಮಾಡಿದರೆ ತಾನೇ ಕೋಡ್ ಸೂಚಿಸುವ ಸಾಫ್ಟ್‌ವೇರ್‌ಗಳನ್ನು ನಾನಂತೂ ನಂಬುವುದಿಲ್ಲ. ಮೊದಲು ಕಂಡದ್ದನ್ನು ಒತ್ತುವ ಚಟ ಹಿಡಿಯುತ್ತದೆ. ಟೈಪ್ ಮಾಡುವವರು ‘ಐ’ ಅಕ್ಷರದ ಬದಲು 1 ಒತ್ತುವುದೂ ಉಂಟು.

ಬಂಡಲ್ ಬ್ರಾಂಚ್, ಅಂದರೆ ಕೆಳಗಿನ ಕೋಣೆಗಳಿಗೆ ಸಂಕೇತ ಒಯ್ಯುವ ಎಡ-ಬಲ ಕವಲುಗಳ ಬ್ಲಾಕ್, ಸುಲಭ. ಎಡಗಡೆಯದು ಐ 44.7, ಬಲಗಡೆಯದು ಐ 45.1. ಬಲಗಡೆಯ ಜೊತೆ ಎಡದ ಮುಂಭಾಗದ ಕವಲೂ ಕೆಟ್ಟಿದ್ದರೆ ಎರಡು ಕೋಡ್ ಬೇಡ, ಐ 45.2 ಒಂದೇ ಸಾಕು.

ಕೊನೆಗೆ ಕಾರಣ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಅಥವಾ ಡಿಗಾಕ್ಸಿನ್ ಮಾತ್ರೆಯಿಂದ ಆಯಿತೆಂದು ಡಾಕ್ಟರು ಬರೆದಿದ್ದರೆ ಔಷಧದ ಕೋಡೂ ಸೇರಿಸಿ. ಹೃದಯಾಘಾತದ ಬೆನ್ನಿಗೆ ಬಂದದ್ದಾದರೆ ಅದರದ್ದೂ ಬೇಕು.

ಇಸಿಜಿ ಹಾಳೆಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅದು ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಸೋಮವಾರಪೇಟೆಯ ಅಜ್ಜ ಒಬ್ಬರು ಜೋಪಾನವಾಗಿ ತಂದಿದ್ದ ಮೂರು ವರ್ಷದ ಇಸಿಜಿಗಳು ಕಾಡಿಗೆ ಬಳಿದ ಹಾಗಿದ್ದವು. ಜೆರಾಕ್ಸ್ ಮಾಡಿಸಿ ಸಾಕು. ಘಟ್ಟ ಇಳಿದು ಮಂಗಳೂರಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದವರಿಗೆ ಝಡ್ 95.0 ಇದೆ. ಅವರ ಬಳಿ ಪೇಸ್‌ಮೇಕರ್ ಕಾರ್ಡ್ ಇರುತ್ತದೆ. ಅದರದ್ದೂ ಒಂದು ಜೆರಾಕ್ಸ್ ಫೈಲಿಗೆ ಹಾಕಿ.