ದೂರದ ಗುಚ್ಛದ ಗೆಲಾಕ್ಸಿ ತಿರುಗುವ ವೇಗವನ್ನು ಅಳೆಯುವ ಕ್ರಮ

ಸುಮಾರು 400 ಕೋಟಿ ವರ್ಷ ಹಿಂದೆ ಹೊರಟ ಬೆಳಕಿನಲ್ಲಿ ಗೆಲಾಕ್ಸಿಯೊಂದು ತಿರುಗುವ ವೇಗವನ್ನು ಅಳೆಯಲು ಚಿತ್ರದುರ್ಗದ ಪದವಿ ವಿದ್ಯಾರ್ಥಿಗೆ ಸ್ವಂತ ದೂರದರ್ಶಕ ಬೇಕಿಲ್ಲ. ಚಿಲಿಯಲ್ಲಿರುವ 8.2 ಮೀಟರ್ ದೂರದರ್ಶಕದ ಮ್ಯೂಸ್ ಉಪಕರಣವು ಏಬೆಲ್ 370 ಎಂಬ ಗುಚ್ಛವನ್ನು (ಗುರುತ್ವದಿಂದ ಒಟ್ಟಾಗಿರುವ ಗೆಲಾಕ್ಸಿಗಳ ಗುಂಪನ್ನು) ನೋಡಿ ಸಂಗ್ರಹಿಸಿದ ದತ್ತಾಂಶ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಮುಕ್ತ ಭಂಡಾರದಲ್ಲಿದೆ. (ಈ ಗುಚ್ಛವಿರುವ ತಿಮಿಂಗಿಲ ನಕ್ಷತ್ರಪುಂಜ ಚಳಿಗಾಲದ ರಾತ್ರಿಗಳಲ್ಲಿ ಚಳ್ಳಕೆರೆಯ ಬಯಲಿನಿಂದ ಚೆನ್ನಾಗಿ ಕಾಣುತ್ತದೆ, ಗುಚ್ಛ ಮಾತ್ರ ಬರಿಗಣ್ಣಿಗೆ ದಕ್ಕದು.)

ಕಡತವನ್ನು ಕ್ಯೂಫಿಟ್ಸ್‌ವ್ಯೂ ತಂತ್ರಾಂಶದಲ್ಲಿ ತೆರೆಯಿರಿ. ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದೊಂದು ರೋಹಿತ, ಎಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿ, ಸಿಗುತ್ತದೆ. ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ತರಂಗಾಂತರ ಉದ್ದವಾದ ಪ್ರಮಾಣ) 0.375ರ ಆಸುಪಾಸಿನಲ್ಲಿರುವ, ಅನಿಲ ಉಳಿಸಿಕೊಂಡ ಸುರುಳಿ ಗೆಲಾಕ್ಸಿಯನ್ನು ಆರಿಸಿ. ತಿರುಗುವ ಗೆಲಾಕ್ಸಿಯ ನಮ್ಮತ್ತ ಬರುವ ಬದಿಯ ರೋಹಿತರೇಖೆ ನೀಲಿಯತ್ತ, ದೂರ ಸರಿಯುವ ಬದಿಯದು ಕೆಂಪಿನತ್ತ ಸರಿಯುತ್ತದೆ, ಈ ಸರಿತವೇ ವೇಗದ ಅಳತೆ. ಆದ್ದರಿಂದ ಗೆಲಾಕ್ಸಿ ನಮಗೆ ಎಷ್ಟು ಓರೆಯಾಗಿದೆ ಎಂಬ ವಾಲಿಕೆಯನ್ನೂ ಗಮನಿಸಬೇಕು: ಜೋಗಿಮಟ್ಟಿಯ ಗಾಳಿಯಂತ್ರ ನಮಗೆ ನೇರ ಮುಖಮಾಡಿ ತಿರುಗುವಾಗ ಅದರ ರೆಕ್ಕೆಗಳು ನಮ್ಮತ್ತ ಬರುವುದೂ ಇಲ್ಲ, ದೂರ ಸರಿಯುವುದೂ ಇಲ್ಲ, ಮುಖ ತೋರುವ ಗೆಲಾಕ್ಸಿಯೂ ಹಾಗೆಯೇ ರೋಹಿತದಲ್ಲಿ ತನ್ನ ವೇಗವನ್ನು ಬಿಟ್ಟುಕೊಡುವುದಿಲ್ಲ.

ಹೈಡ್ರೋಜನ್‌ನ 656.3 ನ್ಯಾನೋಮೀಟರ್ ರೇಖೆ ಇಷ್ಟು ದೂರದಿಂದ 902.4ರ ಬಳಿ ಕಾಣುತ್ತದೆ. ಗುಚ್ಛದೊಳಗೆ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ವೇಗದಲ್ಲಿ ಓಡಾಡುವುದರಿಂದ, ಗುಚ್ಛದ ಸರಾಸರಿಯನ್ನಲ್ಲ, ಆ ಗೆಲಾಕ್ಸಿಯ ಕೇಂದ್ರದಲ್ಲಿ ರೇಖೆ ಇರುವ ಸ್ಥಾನವನ್ನೇ ಸೊನ್ನೆಯೆಂದು ಹಿಡಿಯಬೇಕು. ಕೇಂದ್ರದಿಂದ ಉದ್ದನೆಯ ಅಕ್ಷದುದ್ದಕ್ಕೂ ಸಾಗುತ್ತ ರೇಖೆ ಎಷ್ಟು ಸರಿದಿದೆಯೆಂದು ಬರೆದುಕೊಳ್ಳಿ. ಅಂಚಿನಲ್ಲಿ ಅದು 0.45 ನ್ಯಾನೋಮೀಟರ್ ಸರಿದಿದ್ದರೆ, ಅದನ್ನು 902.4ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದಾಗ ಸೆಕೆಂಡಿಗೆ ಸುಮಾರು 150 ಕಿಲೋಮೀಟರ್ ಬರುತ್ತದೆ. ಗೆಲಾಕ್ಸಿಯ ಅಗಲ ಉದ್ದದ ಅರ್ಧದಷ್ಟಿದ್ದರೆ ವಾಲಿಕೆ ಸುಮಾರು 60 ಡಿಗ್ರಿ. ಅದರ ಸೈನ್ ಬೆಲೆಯಿಂದ ಭಾಗಿಸಿದರೆ ನಿಜವೇಗ 173.

ಆ ಜಾಗದಲ್ಲಿ ಭೂಮಿಯ ವಾತಾವರಣದ್ದೇ ಹೊಳಪಿನ ರೇಖೆಗಳು ಅಡ್ಡ ಬಂದರೆ ಆಮ್ಲಜನಕದ 372.7 ನ್ಯಾನೋಮೀಟರ್ ರೇಖೆಗೆ ಹೋಗಬಹುದು. ಅದು ವಾಸ್ತವವಾಗಿ ಜೋಡಿರೇಖೆ. ಎರಡರ ನಡುವಿನ ಅಂತರ ಸೆಕೆಂಡಿಗೆ ಸುಮಾರು 224 ಕಿಲೋಮೀಟರ್ ವೇಗಕ್ಕೆ ಸಮ, ಎಂದರೆ ಅಳೆಯಹೊರಟ ವೇಗದಷ್ಟೇ ದೊಡ್ಡದು. ಎರಡೂ ರೇಖೆಗಳಿರುವ ಮಾದರಿಯನ್ನು ರೋಹಿತಕ್ಕೆ ಹೊಂದಿಸದೆ ಮಾಡಿದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ. ಇದಲ್ಲದೆ ಈ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ) ಎಂದರೆ ಸುಮಾರು 17,000 ಜ್ಯೋತಿರ್ವರ್ಷ. ವಾತಾವರಣದ ಮಸುಕಿನಿಂದ ಕೇಂದ್ರದ ಬಳಿಯ ವೇಗದ ಏರಿಕೆ ಚಪ್ಪಟೆಯಾಗಿ ಕಾಣುವುದರಿಂದ ಆ ಭಾಗದ ಅಂಕಿಗಳಿಗೆ ಹೆಚ್ಚು ತೂಕ ಕೊಡಬಾರದು.

ಇಂಥ ಅಳತೆಗಳಿಂದ ಗೆಲಾಕ್ಸಿಗಳು ಕಾಲಕ್ರಮದಲ್ಲಿ ಬದಲಾಗುವ ಬಗೆಯನ್ನು, ಎಂದರೆ ವಿಕಾಸವನ್ನು, ತಿಳಿಯಬೇಕಾದರೆ ಒಂದೇ ಗೆಲಾಕ್ಸಿ ಸಾಲದು. ಅದೇ ದೂರದಲ್ಲಿ ಗುಚ್ಛದ ಹೊರಗಿರುವವುಗಳನ್ನೂ ಹತ್ತಿರದ ಕೋಮಾ ಗುಚ್ಛದವುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ದೂರದ ಗುಚ್ಛಗಳಲ್ಲಿ ನೀಲಿ (ಹೊಸ ನಕ್ಷತ್ರಗಳು ಹುಟ್ಟುತ್ತಿರುವ) ಗೆಲಾಕ್ಸಿಗಳ ಪಾಲು ಹೆಚ್ಚೆಂದು ಖಗೋಳವಿಜ್ಞಾನಿಗಳಾದ ಬುಚರ್ ಮತ್ತು ಓಮ್ಲರ್ 1978ರಲ್ಲಿ ತೋರಿಸಿದರು. ಗುಚ್ಛದ ಬಿಸಿ ಅನಿಲದ ಒತ್ತಡವು ಒಳನುಗ್ಗುವ ಗೆಲಾಕ್ಸಿಯ ಅನಿಲವನ್ನು ಕಿತ್ತುಹಾಕಬಲ್ಲದೆಂದು ಗನ್ ಮತ್ತು ಗಾಟ್ 1972ರಲ್ಲೇ ಹೇಳಿದ್ದರು. ಆದ್ದರಿಂದ ನಕ್ಷತ್ರಗಳ ಹೀರಿಕೆ ರೇಖೆಗಳಿಂದ (ನಕ್ಷತ್ರಗಳ ಹೊರಪದರ ಬೆಳಕನ್ನು ಹೀರಿದಲ್ಲಿ ರೋಹಿತದಲ್ಲಿ ಕಾಣುವ ಕಪ್ಪು ರೇಖೆಗಳಿಂದ) ಇನ್ನೊಂದು ವೇಗನಕ್ಷೆ ತಯಾರಿಸಿ: ನಕ್ಷತ್ರಗಳ ತಿರುಗುವಿಕೆ ಕ್ರಮಬದ್ಧವಾಗಿದ್ದು ಅನಿಲದ್ದು ಮಾತ್ರ ಒಂದು ಬದಿಗೆ ಎಳೆದಂತಿದ್ದರೆ ಒತ್ತಡವನ್ನು ಶಂಕಿಸಬೇಕು, ಎರಡೂ ಕದಡಿದ್ದರೆ ಪಕ್ಕದ ಗೆಲಾಕ್ಸಿಯ ಗುರುತ್ವವನ್ನು.