ಒದ್ದೆ ಬಟ್ಟೆಯೂ ಅಡುಗೆಮನೆಯ ತಕ್ಕಡಿಯೂ: ಇಸುಬಿನೊಂದಿಗೆ ನನ್ನ ಅನುಭವ

ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ ಮತ್ತು ಕತ್ತಿನಲ್ಲಿದ್ದ ಇಸುಬು ಸುಮಾರು 20 ವರ್ಷ ನನ್ನ ನಿದ್ದೆಯನ್ನು ಕಸಿದುಕೊಂಡಿತ್ತು. ಈಗ ಒಂದೂವರೆ ವರ್ಷದಿಂದ ಬೆಳಗಾಗುವವರೆಗೆ ಮಲಗುತ್ತಿದ್ದೇನೆ. ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತೇನೆ ಎಂದಾಗ ಮನೆಯವರು ನೆಗಡಿಯಾದೀತು ಎಂದರು. ಚರ್ಮ ತಿಳಿಯಾದ ಮೇಲೂ ಮುಲಾಮು ಹಚ್ಚುತ್ತೇನೆ ಎಂದಾಗ ಇದೇ ಕಾಯಿಲೆಯ ಗೆಳೆಯರೂ ನಂಬಲಿಲ್ಲ. ಅವೆರಡೇ ನನ್ನ ಕೈಹಿಡಿದವು.

ಅದಕ್ಕೆ ಮೊದಲು ಕಳೆದ ಹಣ ಕಡಿಮೆಯಲ್ಲ. ಅಲರ್ಜಿ ಮಾತ್ರೆಗಳು ಮಂಪರು ತಂದವೇ ಹೊರತು ತುರಿಕೆಯನ್ನು ನಿಲ್ಲಿಸಲಿಲ್ಲ, ನಿದ್ದೆಯಲ್ಲೇ ಕೈ ಕೆರೆಯುತ್ತಿತ್ತು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಇಲ್ಲವೆಂದು ಹೇಳಿ ಒಬ್ಬರು ಮಾರಿದ ಬಿಳಿ ಕ್ರೀಮಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಯಿತು. ಮೂರು ವಾರ ಚರ್ಮ ಹೊಳೆಯಿತು, ಬಿಟ್ಟ ವಾರದಲ್ಲೇ ಮೊದಲಿಗಿಂತ ಕೆಂಪಾಗಿ ಉರಿಯಿತು. ಅದರಲ್ಲಿ ಪ್ರಬಲ ಸ್ಟೀರಾಯ್ಡೇ ಬೆರೆತಿರಬೇಕೆಂದು ನನ್ನ ಚರ್ಮವೈದ್ಯರು ಶಂಕಿಸಿದರು. ಆ ಹಣ ನನಗೆ ಇಂದಿಗೂ ನೋಯುತ್ತದೆ.

ಕಣ್ಣು ತೆರೆಸಿದ್ದು ಅಡುಗೆಮನೆಯ ತಕ್ಕಡಿ. ವೈದ್ಯರು ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಮುಲಾಮಿನ 30 ಗ್ರಾಂ ಟ್ಯೂಬು ನನಗೆ ನಾಲ್ಕು ತಿಂಗಳು ಬರುತ್ತಿತ್ತು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ, ಅದು ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನನ್ನ ಇಸುಬು ಎಂಟು ಅಂಗೈಯಷ್ಟಿತ್ತು, ಅಂದರೆ ದಿನಕ್ಕೆ 2 ಗ್ರಾಂ ಬೇಕಿತ್ತು, ನಾನು ಹಚ್ಚುತ್ತಿದ್ದುದು ಕಾಲು ಗ್ರಾಂ. ಔಷಧ ನಾಟುವುದಿಲ್ಲವೆಂದು ವರ್ಷಗಟ್ಟಲೆ ದೂರಿದ ನಾನು ಅದನ್ನು ಸರಿಯಾಗಿ ಹಚ್ಚಿಯೇ ಇರಲಿಲ್ಲ.

ಅನಂತರ ವೈದ್ಯರ ಒಪ್ಪಿಗೆ ಪಡೆದು ಒದ್ದೆ ಬಟ್ಟೆಗೆ ಕೈಹಾಕಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಮೈಯನ್ನು ಉಜ್ಜದೆ ಒತ್ತಿಕೊಂಡು, ಮೂರು ನಿಮಿಷದೊಳಗೆ ಕೆಂಪಾದ ಕಡೆ ಮುಲಾಮನ್ನೂ ಉಳಿದೆಡೆ ಜಿಡ್ಡಿನ ಮಾಯಿಶ್ಚರೈಸರನ್ನೂ ಹಚ್ಚಿ, ಹಿಂಡಿದ ಹತ್ತಿಬಟ್ಟೆಯನ್ನು ಸುತ್ತಿ ಅದರ ಮೇಲೆ ಒಣಬಟ್ಟೆ ಕಟ್ಟುತ್ತಿದ್ದೆ. ಮೊದಲ ರಾತ್ರಿ ಸರಿಯಾಗಿ ಹಿಂಡದೆ ಹಾಸಿಗೆ ತೊಯ್ದು, ನಡುರಾತ್ರಿ ಎಲ್ಲವನ್ನೂ ಬಿಚ್ಚಿ ಹಾಕಿದೆ. ಎರಡನೆಯ ತಪ್ಪು ದೊಡ್ಡದು: ಹಳದಿ ಹಕ್ಕಳೆ ಕಟ್ಟಿ ರಸಿಕೆ ಒಸರುತ್ತಿದ್ದ ಜಾಗಕ್ಕೂ ಸುತ್ತಿದ್ದರಿಂದ ಸೋಂಕು ಹೆಚ್ಚಿ, ಆಂಟಿಬಯಾಟಿಕ್ ಮುಗಿಯುವವರೆಗೆ ಕಾಯಬೇಕಾಯಿತು. ಸುತ್ತಿದ ಬಟ್ಟೆಯ ಕೆಳಗೆ ಸ್ಟೀರಾಯ್ಡ್ ಹೆಚ್ಚು ಒಳಗಿಳಿಯುವುದರಿಂದ ವೈದ್ಯರು ಸೌಮ್ಯವಾದದ್ದನ್ನೇ ಕೊಟ್ಟು, ಒಂದೇ ಸಮನೆ ಎರಡು ವಾರ ಮೀರಬಾರದೆಂದರು. ನನಗೆ ಒಂಬತ್ತೋ ಹತ್ತೋ ರಾತ್ರಿ ಸಾಕಾಯಿತು. ಮಂಡಿಯ ಹಿಂದೆ ಬಟ್ಟೆ ಜಾರದಂತೆ ಕಟ್ಟುವ ಬಗೆಯೊಂದನ್ನು ನಾನೇ ಕಂಡುಕೊಂಡಿದ್ದೇನೆ. ಅದನ್ನು ಬರೆಯುವುದಿಲ್ಲ, ಎದುರಿಗೆ ಸಿಕ್ಕವರಿಗೆ ಕಟ್ಟಿ ತೋರಿಸುತ್ತೇನೆ.

ಈ ನಡುವೆ ಎಡಗೈಗೆ ತೆಳ್ಳನೆಯ ಲೋಷನ್, ಬಲಗೈಗೆ ಗಟ್ಟಿ ಜಿಡ್ಡು ಹಚ್ಚಿ ಆರು ವಾರ ನೋಡಿದೆ. ಎಡಗೈ ಮಧ್ಯಾಹ್ನದೊಳಗೆ ಬಿರಿಯುತ್ತಿತ್ತು, ಬಲಗೈ ರಾತ್ರಿಯವರೆಗೂ ಮೆತ್ತಗಿರುತ್ತಿತ್ತು. ದಿಂಬಿನ ಬಳಿ ಫೋನಿಟ್ಟು ಕೆರೆತದ ಸದ್ದನ್ನೂ ಧ್ವನಿಮುದ್ರಿಸಿದೆ: ಬಟ್ಟೆ ಸುತ್ತುವ ಮುನ್ನ ರಾತ್ರಿಗೆ ನಲವತ್ತರ ಸುಮಾರು ಸಲ, ಎರಡು ವಾರದ ಬಳಿಕ ಐದಾರು ಸಲ. ಪರಪರ ಎನ್ನುವ ಆ ಸದ್ದನ್ನು ಹಗಲಿನಲ್ಲಿ ಕೇಳಿದಾಗಲೇ ಪಕ್ಕದಲ್ಲಿ ಮಲಗುವವರು ಪಟ್ಟ ಕಷ್ಟ ನನಗೆ ಅರ್ಥವಾಯಿತು.

ಎಲ್ಲರೂ ಬೇಡವೆಂದ ಕೆಲಸವನ್ನು ಆಮೇಲೆ ಆರಂಭಿಸಿದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಚರ್ಮದೊಳಗೆ ಉರಿಯೂತ ಉಳಿದಿರುತ್ತದೆ. ಆದ್ದರಿಂದ ವೈದ್ಯರು ಹೇಳಿದಂತೆ ವಾರಕ್ಕೆ ಎರಡು ದಿನ ಹಳೆಯ ಜಾಗಗಳಿಗೆ ಮಾತ್ರ ಮುಲಾಮು ಹಚ್ಚಿದೆ. ಮೂರು ತಿಂಗಳಾದಾಗ ಗೆದ್ದೆನೆಂದುಕೊಂಡು ಬಿಟ್ಟೆ. ಹನ್ನೆರಡನೆಯ ದಿನಕ್ಕೆ ಎಡ ಮೊಣಕೈಯ ಅದೇ ಮಡಿಕೆಯಲ್ಲಿ, ಮೊದಲಿದ್ದಷ್ಟೇ ಅಗಲದಲ್ಲಿ, ಕೆಂಪು ಎದ್ದಿತು. ಮತ್ತೆ ಶುರುಮಾಡಿ, ಈಗ ಎಂಟು ತಿಂಗಳಿಂದ ವಾರಕ್ಕೆ ಒಂದೇ ದಿನಕ್ಕೆ ಇಳಿಸಿದ್ದೇನೆ. ಒಂದು ಟ್ಯೂಬು ನಾಲ್ಕು ತಿಂಗಳು ಬರುವುದು ಈಗ ನಿಜಕ್ಕೂ ಸರಿಯಾದ ಲೆಕ್ಕವಾಗಿದೆ. ಕಣ್ಣರೆಪ್ಪೆಯ ತುರಿಕೆ ಮಾತ್ರ ಹತೋಟಿಗೆ ಬಂದಿಲ್ಲ. ಅಲ್ಲಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಎಂಬ ಮುಲಾಮು ಹಚ್ಚುತ್ತಿದ್ದೇನೆ, ಮೊದಲ ನಾಲ್ಕು ದಿನದ ಉರಿ ನಿನ್ನೆಗೆ ಕಳೆದಿದೆ.