ಓಕ್ ಪೀಪಾಯಿ ಇಲ್ಲದ ಕೆಂಪು ವೈನ್: ಸಾವಯವ ಹಣ್ಣಿನಿಂದ ನಾನು ಮಾಡುವ ಕ್ರಮ

225 ಲೀಟರಿನ ಓಕ್ ಪೀಪಾಯಿ ಒಂದು ಸಲ ತುಂಬಿದರೆ ಕೊಡುವುದು 300 ಬಾಟಲಿ ಮಾತ್ರ. ನಾಲ್ಕೈದು ಸಲ ಬಳಸುವಷ್ಟರಲ್ಲಿ ಅದರ ಪರಿಮಳವೂ ಬಹುಪಾಲು ಮುಗಿದಿರುತ್ತದೆ. ಮನೆಮಂದಿಯೇ ನಡೆಸುವ ತೋಟದ ವೈನ್ ಕಡಿಮೆ ಬೆಲೆಗೆ ಸಿಗಬೇಕಾದರೆ ಮೊದಲು ಕಳೆಯಬೇಕಾದ ಖರ್ಚು ಇದೇ. ಆದರೆ ಅದರ ಬದಲು ಬಳಸುವ ಸ್ಟೀಲ್ ಟ್ಯಾಂಕ್ ಯಾವ ಲೋಪವನ್ನೂ ಮುಚ್ಚಿಡುವುದಿಲ್ಲ. ಒಗರು ಹೆಚ್ಚಾದರೆ ಮೆದುಗೊಳಿಸಲು ಮರದ ಮೂಲಕ ನುಸುಳುವ ಗಾಳಿ ಇಲ್ಲ, ಮರೆಮಾಚಲು ವೆನಿಲಾ ವಾಸನೆಯೂ ಇಲ್ಲ.

ಸಾವಯವ ತೋಟದಲ್ಲಿ ಬೂದಿ ರೋಗಕ್ಕೆ ಗಂಧಕವೇ ಮುಖ್ಯ ಮದ್ದು. ಕೊಯ್ಲಿಗೆ ಐದು ವಾರ ಇರುವಾಗಲೇ ಸಿಂಪಡಣೆ ನಿಲ್ಲಿಸುತ್ತೇನೆ. ಸಿಪ್ಪೆಯ ಮೇಲುಳಿದ ಗಂಧಕ ಹುದುಗುವಾಗ ಹೈಡ್ರೋಜನ್ ಸಲ್ಫೈಡ್ ಆಗಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಸಕ್ಕರೆ 23 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 23 ಗ್ರಾಂ), ಹುಳಿಯ ಅಳತೆಯಾದ ಪಿಎಚ್ 3.5ರ ಆಸುಪಾಸು ಬಂದಾಗ ಕೊಯ್ಲು. ಬೀಜ ಇನ್ನೂ ಹಸಿರಾಗಿದ್ದರೆ ಕಾಯುವುದೇ ಮೇಲು.

ತೊಟ್ಟು ಬಿಡಿಸಿ, ಹಣ್ಣು ಒಡೆಯುವಷ್ಟೇ ಅದುಮುತ್ತೇನೆ. ಬೀಜ ಜಜ್ಜಿದರೆ ಕಹಿ. ನೂರು ಲೀಟರಿಗೆ 6 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ವೈನ್ ಕೆಡದಂತೆ ಕಾಯುವ ಸಲ್ಫೈಟ್ ಪುಡಿ) ಹಾಕಿದರೆ ಲೀಟರಿಗೆ ಸುಮಾರು 34 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್ ಆಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಸಿಹಿ ಉಳಿಯದ ಸಾವಯವ ಕೆಂಪು ವೈನಿಗೆ ಒಟ್ಟು ಮಿತಿ ಲೀಟರಿಗೆ 100 ಮಿಲಿಗ್ರಾಂ, ಹಾಗಾಗಿ ಇಲ್ಲೇ ಕೈ ಬಿಗಿಹಿಡಿಯಬೇಕು. ಮರುದಿನ 25 ಗ್ರಾಂ ಯೀಸ್ಟನ್ನು 38 ಡಿಗ್ರಿಯ 250 ಮಿಲಿಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಸ್ವಲ್ಪಸ್ವಲ್ಪ ರಸ ಬೆರೆಸಿ ತಣಿಸಿ, ಆಮೇಲೆ ಸುರಿಯುತ್ತೇನೆ. ತಾಪದ ಅಂತರ 10 ಡಿಗ್ರಿ ದಾಟಿದರೆ ಯೀಸ್ಟ್ ಸೊರಗುತ್ತದೆ.

ಹುದುಗುವಿಕೆ 24ರಿಂದ 26 ಡಿಗ್ರಿಯಲ್ಲಿ. ಇಡೀ ವೈನಿನ ಹಣೆಬರಹ ಇಲ್ಲೇ ನಿರ್ಧಾರವಾಗುತ್ತದೆ. ಸಿಪ್ಪೆಯ ಬಣ್ಣ ಆಲ್ಕೋಹಾಲ್ ಹುಟ್ಟುವ ಮೊದಲೇ, ನೀರಿನಲ್ಲೇ ಬಿಡತೊಡಗುತ್ತದೆ. ಒಗರು ಕೊಡುವ ಬೀಜದ ಗಡಸು ಟ್ಯಾನಿನ್ ಇಳಿಯುವುದು ಆಲ್ಕೋಹಾಲ್ ಏರಿದ ಮೇಲೆ. ಆದ್ದರಿಂದ ತೇಲಿಬಂದ ಸಿಪ್ಪೆಯನ್ನು ಮೊದಲ ಮೂರು ದಿನ ದಿನಕ್ಕೆ ಮೂರು ಸಲ ಒಳಗೆ ಅದುಮುತ್ತೇನೆ, ಆಮೇಲೆ ಒದ್ದೆಯಾಗಿಡಲು ಒಂದೇ ಸಲ. ಆರೇಳನೆಯ ದಿನ, ಸ್ವಲ್ಪ ಸಿಹಿ ಉಳಿದಿರುವಾಗಲೇ ಸೋಸಿ ಬೇರ್ಪಡಿಸುತ್ತೇನೆ. ಪೀಪಾಯಿಗೆ ಹೋಗುವ ವೈನಿನಂತೆ ಮೂರು ವಾರ ನೆನೆಹಾಕುವುದು ಇದಕ್ಕೆ ಒಗ್ಗುವುದಿಲ್ಲ. ಹಿಂಡಿ ತೆಗೆದ ರಸವನ್ನು ಬೇರೆಯೇ ಇಟ್ಟು, ರುಚಿ ನೋಡಿ ಆಮೇಲೆ ಬೆರೆಸಬಹುದು.

ಮೊಟ್ಟೆಯ ನಾತ ಬಂದರೆ ಸಾಮಾನ್ಯವಾಗಿ ಯೀಸ್ಟಿಗೆ ಸಾರಜನಕ ಸಾಲದು ಎಂದರ್ಥ. ಸಕ್ಕರೆಯ ಮೂರನೇ ಒಂದು ಭಾಗ ಕರಗುವ ಮುನ್ನವೇ ಸಾವಯವ ನಿಯಮ ಒಪ್ಪುವ ಯೀಸ್ಟ್ ಆಹಾರ ಕೊಡಬೇಕು. ತಡವಾದರೆ ಪ್ರಯೋಜನ ಕಡಿಮೆ. ಹುದುಗುವಿಕೆ ಮುಗಿದ ಮರುದಿನವೇ ದಪ್ಪ ಗಸಿಯಿಂದ ಬಸಿಯುತ್ತೇನೆ, ಆ ಒಂದು ಸಲ ಮಾತ್ರ ಗಾಳಿ ತಾಗುವಂತೆ ಎತ್ತರದಿಂದ.

ಮುಂದೆ 20 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಹಣ್ಣಿನ ಚುರುಕು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವವರೆಗೆ ಸಲ್ಫೈಟ್ ಮುಟ್ಟುವುದಿಲ್ಲ. ಹಾಕಿದರೆ ಆ ಬ್ಯಾಕ್ಟೀರಿಯಾ ಸೊರಗಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬಾಟಲಿಯೊಳಗೆ ಮತ್ತೆ ಶುರುವಾಗುವ ಅಪಾಯವೂ ಇದೆ. ಪೇಪರ್ ಕ್ರೊಮಟೋಗ್ರಫಿಯಲ್ಲಿ (ಕಾಗದದ ಮೇಲೆ ಆಮ್ಲಗಳನ್ನು ಬೇರೆಬೇರೆ ಕಲೆಗಳಾಗಿ ತೋರಿಸುವ ಪರೀಕ್ಷೆ) ಮ್ಯಾಲಿಕ್ ಕಲೆ ಮಾಯವಾದ ಮೇಲೆ, ಪಿಎಚ್ 3.5 ಇದ್ದರೆ ಲೀಟರಿಗೆ 25 ಮಿಲಿಗ್ರಾಂ ಮುಕ್ತ ಸಲ್ಫೈಟ್ (ವೈನಿನ ಬೇರೆ ವಸ್ತುಗಳಿಗೆ ಅಂಟಿಕೊಳ್ಳದೆ ಉಳಿದದ್ದು) ಸಾಕು. 3.8 ಇದ್ದರೆ ಅದೇ ರಕ್ಷಣೆಗೆ ಸುಮಾರು 50 ಬೇಕು. ಕೊಯ್ಲಿನಲ್ಲಿ ಪಿಎಚ್ ನೋಡದವರು ತೆರುವ ದಂಡ ಇದು.

ಟ್ಯಾಂಕ್ ಕಂಠಮಟ್ಟ ತುಂಬಿರಲಿ, ಇಲ್ಲವೇ ತೇಲುವ ಮುಚ್ಚಳವಿರಲಿ. ಐದಾರು ತಿಂಗಳಿಗೆ ಬಾಟಲಿಗೆ ತುಂಬಿ, ಎರಡು ಮೂರು ವರ್ಷದೊಳಗೆ 15 ಡಿಗ್ರಿಯಷ್ಟು ತಣ್ಣಗೆ ಕುಡಿಯಬೇಕು. ಇನ್ನೂ ಬೆಚ್ಚಗಾದರೆ ಹಣ್ಣಿನ ಪರಿಮಳಕ್ಕಿಂತ ಆಲ್ಕೋಹಾಲೇ ಮೂಗಿಗೆ ಬಡಿಯುತ್ತದೆ.